ಒಂದೇ ಕೋಣೆಯಲ್ಲಿ ನಾಲ್ಕು ಜನ ಆಡುವ ಮಿಕ್ಸ್ಡ್ ರಿಯಾಲಿಟಿ ಗೇಮ್‌ಗೆ ಫೋಟಾನ್ ಒಳ್ಳೆಯದಾ, ಯೂನಿಟಿಯ ನೆಟ್‌ಕೋಡಾ?

ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ತಲೆ ಕೆಡಿಸಿಕೊಂಡಿದ್ದೆ. ಎರಡೂ ಆಟಗಾರರ ನಡುವೆ ಗೇಮ್‌ನ ಮಾಹಿತಿ ಸಾಗಿಸುವ ಲೈಬ್ರರಿಗಳು; ಯೂನಿಟಿ ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್. ಎರಡನ್ನೂ ಅಳೆದು ತೂಗಿ ಕೊನೆಗೆ ಫೋಟಾನ್‌ನವರ ಫ್ಯೂಷನ್ ಹಿಡಿದೆ. ಅಷ್ಟು ಅಳೆದಿದ್ದೆಲ್ಲ ದಂಡ. ನಮ್ಮ ಗೇಮ್ ಮಕಾಡೆ ಮಲಗಿದ್ದು ನೆಟ್‌ವರ್ಕ್‌ನಿಂದ ಅಲ್ಲವೇ ಅಲ್ಲ.

ನಾವು ಮಾಡಿದ್ದು ಲಗೋರಿ. ಮೆಟಾ ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್ ಹಾಕಿಕೊಂಡರೆ ನಿಜವಾದ ಕೋಣೆಯೇ ಕಾಣುತ್ತದೆ, ಅದರ ನೆಲದ ಮೇಲೆ ಗೇಮ್‌ನ ಏಳು ಕಲ್ಲು ಪೇರಿಸಿರುತ್ತದೆ. ಮನೆಯಲ್ಲಿ ಚೆನ್ನಾಗಿ ಓಡುತ್ತಿತ್ತು. ಕಾಲೇಜು ಫೆಸ್ಟ್‌ಗೆ ಸೆಮಿನಾರ್ ಹಾಲ್ ಕೊಟ್ಟರು. ಆಟ ಶುರುವಾದ ಕೂಡಲೇ ನೋಡಿದರೆ, ನನ್ನ ಗೆಳೆಯ ಬಾಗಿಲ ಕಡೆ ಗುರಿ ಇಡುತ್ತಿದ್ದಾನೆ. ನನಗೆ ಲಗೋರಿ ಕಾಣುತ್ತಿರುವುದು ಕಿಟಕಿ ಹತ್ತಿರ. "ಲೋ, ಎಲ್ಲಿಗೋ ಎಸಿತಿದ್ದೀಯ?" ಅಂದರೆ "ಕಲ್ಲು ಇಲ್ಲೇ ಇದೆಯಲ್ಲೋ" ಅಂತಾನೆ. ಅವನು ಎಸೆದ ಚೆಂಡು ನನಗೆ ಅವನ ಕೈಯಿಂದ ಬರಲೇ ಇಲ್ಲ. ಎರಡು ಮಾರು ಆಚೆ, ಬರೀ ಗಾಳಿಯಲ್ಲಿ ಹುಟ್ಟಿ ಗೋಡೆಯೊಳಗೆ ಹೋಯಿತು.

ವಸ್ತುಗಳು ಎಲ್ಲಿವೆ ಅನ್ನುವ ಅಂಕಿಗಳನ್ನು ಯೂನಿಟಿ ಕೊಟ್ಟ ಹಾಗೇ ನಾನು ನೆಟ್‌ವರ್ಕ್‌ಗೆ ಕಳಿಸಿಬಿಟ್ಟಿದ್ದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರತಿ ಹೆಡ್‌ಸೆಟ್‌ಗೂ ತನ್ನದೇ ಒಂದು ಸೊನ್ನೆ ಇರುತ್ತದೆ. ನೀವು ಎಲ್ಲಿ ನಿಂತು, ಎತ್ತ ಮುಖ ಮಾಡಿ ಶುರು ಮಾಡಿದಿರೋ ಅಲ್ಲಿಂದ ಅದರ ಲೆಕ್ಕ. ಕಲ್ಲು "ಮುಂದೆ ಎರಡು ಮೀಟರ್" ಅಂತ ನಾನು ಕಳಿಸಿದರೆ, ಅವನ ಹೆಡ್‌ಸೆಟ್ ತನ್ನ ಮುಂದೆ ಎರಡು ಮೀಟರ್ ಅಂತ ಓದುತ್ತದೆ. ಲಾಗ್ ತೆಗೆದು ನೋಡಿದರೆ ಎರಡೂ ಕಡೆ ಒಂದೇ ಅಂಕಿ! ಮತ್ತೆ ತಪ್ಪು ಸಿಗೋದಾದರೂ ಹೇಗೆ? ಮನೆಯಲ್ಲಿ ನಾವು ಯಾವಾಗಲೂ ಸೋಫಾ ಮುಂದೆ ಒತ್ತಿಕೊಂಡು ನಿಂತು, ಟಿವಿ ಕಡೆ ಮುಖ ಮಾಡಿಯೇ ಆ್ಯಪ್ ತೆರೆಯುತ್ತಿದ್ದೆವು. ಸೊನ್ನೆಗಳು ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತಿದ್ದವು. ಒಂದಡಿ ಆಚೀಚೆ ಆದರೆ ಲ್ಯಾಗ್ (ನೆಟ್‌ವರ್ಕ್ ತಡ) ಅಂದುಕೊಂಡು ಫ್ಯೂಷನ್ ಸೆಟ್ಟಿಂಗ್ ತಿರುಚುತ್ತಾ ಕೂತಿದ್ದೆ. ಹಾಲ್‌ನಲ್ಲಿ ನಾಲ್ವರೂ ನಾಲ್ಕು ಮೂಲೆಯಲ್ಲಿ. ಸಾಲದ್ದಕ್ಕೆ ಒಬ್ಬ ಕಂಟ್ರೋಲರ್‌ನ ಮೆಟಾ ಬಟನ್ ಒತ್ತಿ ಹಿಡಿದ, ಅವನ ಸೊನ್ನೆ ಮತ್ತೆ ತಿರುಗಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ಬದಿಗಿಡಿ ಅನ್ನುತ್ತೇನೆ. ಮೊದಲು ಶೇರ್ಡ್ ಸ್ಪೇಷಿಯಲ್ ಆ್ಯಂಕರ್, ಅಂದರೆ ಎಲ್ಲ ಹೆಡ್‌ಸೆಟ್‌ಗೂ ಒಂದೇ ಆದ ಗುರುತಿನ ಜಾಗ, ಇಡೋದು ಕಲಿಯಿರಿ. ಒಬ್ಬರು ಕೋಣೆಯಲ್ಲಿ ಗೂಟ ಹೊಡೆದ ಹಾಗೆ ಆ್ಯಂಕರ್ ಇಟ್ಟು ಹಂಚಬೇಕು, ಉಳಿದವರು ತಮ್ಮ ಕ್ಯಾಮೆರಾ ರಿಗ್ ಅನ್ನು (ಗೇಮ್‌ನೊಳಗೆ ಆಟಗಾರನ ಕಣ್ಣಿನ ಜಾಗ) ಅದಕ್ಕೆ ಹೊಂದಿಸಿಕೊಳ್ಳಬೇಕು. ಹೊಂದಿಸುವಾಗ ಎಡಬಲ ಮಾತ್ರ ತಿರುಗಿಸಿ. ನೆಲ ಯಾವ ಕಡೆ ಅನ್ನೋದು ಗುರುತ್ವದಿಂದ ಸೆನ್ಸರ್‌ಗೆ ಮೊದಲೇ ಗೊತ್ತು. ಒಂದು ಡಿಗ್ರಿ ತಪ್ಪಿದರೂ ಆ್ಯಂಕರ್‌ನಿಂದ 3 ಮೀಟರ್ ದೂರದಲ್ಲಿ 5 ಸೆಂ.ಮೀ., 10 ಮೀಟರ್ ದೂರದಲ್ಲಿ 17 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಅದಕ್ಕೇ ಆ್ಯಂಕರ್ ಮೂಲೆಯಲ್ಲಿ ಬೇಡ, ಆಟದ ನಡುವೆಯೇ ಇರಲಿ. ಇನ್ನೊಂದು ವಿಷಯ, ಎಲ್ಲರೂ ಒಂದೇ ಕೋಣೆಯಲ್ಲಿದ್ದರೂ ಆ್ಯಂಕರ್ ಹಂಚಲು ಇಂಟರ್ನೆಟ್ ಬೇಕು, ಅದು ಮೆಟಾದ ಕ್ಲೌಡ್ ಮೂಲಕ ಹೋಗುತ್ತದೆ. ಪ್ರತಿ ಹೆಡ್‌ಸೆಟ್‌ನಲ್ಲೂ ಅದಕ್ಕೆ ಅನುಮತಿ ಕೊಟ್ಟಿರಬೇಕು. ಹಳೆಯ ಟ್ಯುಟೋರಿಯಲ್‌ಗಳಲ್ಲಿ ಅಜೂರ್ ಸ್ಪೇಷಿಯಲ್ ಆ್ಯಂಕರ್ಸ್ ಬಳಸಿ ಅಂತ ಇರುತ್ತದೆ. ಅತ್ತ ಹೋಗಬೇಡಿ, ಮೈಕ್ರೋಸಾಫ್ಟ್ ಅದನ್ನು 2024ರ ನವೆಂಬರ್‌ನಲ್ಲೇ ಮುಚ್ಚಿದೆ.

ಆಮೇಲೆ ಒಂದು ಸಣ್ಣ ಕ್ಯೂಬ್ ಇಡಿ. ಬೇರೆ ಬೇರೆ ಮೂಲೆಯಲ್ಲಿ ನಿಂತು ಆ್ಯಪ್ ತೆರೆದು, ಎಲ್ಲರೂ ನಡೆದು ಬಂದು ಕ್ಯೂಬ್‌ನ ಒಂದೇ ತುದಿಗೆ ಬೆರಳು ಇಡಿ. ಬೆರಳಿಗೆ ಬೆರಳು ತಾಗಬೇಕು. ತಾಗುವ ತನಕ ಗೇಮ್‌ನ ಒಂದು ಸಾಲು ಕೋಡ್ ಕೂಡ ಬರೆಯಬೇಡಿ.

ಲೈಬ್ರರಿ ಯಾವುದು ಅಂತೀರಾ? ಫೋಟಾನ್ ಗೊತ್ತಿದ್ದರೆ ಫೋಟಾನ್, ನೆಟ್‌ಕೋಡ್ ಗೊತ್ತಿದ್ದರೆ ನೆಟ್‌ಕೋಡ್. ನಾಲ್ಕು ತಲೆ, ಎಂಟು ಕೈ, ಒಂದು ಚೆಂಡು ಕಳಿಸೋದಕ್ಕೆ ಎರಡೂ ಜಾಸ್ತಿಯೇ.