ಶಾಲಾ ಜಿಲ್ಲೆಯ ಜಮೀನು ವ್ಯವಹಾರ: ವೀಸಾದವರೂ ಲೆಕ್ಕ ಕೇಳಬಹುದೇ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಎಚ್‌-1ಬಿ ವೀಸಾದಲ್ಲಿದ್ದೇವೆ. ಇಬ್ಬರು ಮಕ್ಕಳೂ ಪಬ್ಲಿಕ್ ಸ್ಕೂಲಿನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಶಾಲೆಯಲ್ಲಿ, ಓದುತ್ತಿದ್ದಾರೆ. ನಮ್ಮ ಶಾಲಾ ಜಿಲ್ಲೆ (ಈ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ; ಅದಕ್ಕೊಂದು ಚುನಾಯಿತ ಬೋರ್ಡ್ ಇದೆ) ಕೆಲವು ವರ್ಷಗಳ ಹಿಂದೆ ಹೊಸ ಶಾಲೆಗೆಂದು ಡೆವಲಪರ್ ಒಬ್ಬರಿಂದ ಜಮೀನು ಕೊಂಡಿತು. ಅಲ್ಲಿ ಇವತ್ತಿಗೂ ಹುಲ್ಲು ಮಾತ್ರ ಬೆಳೆದಿದೆ. ಈಗ ಮಕ್ಕಳು ಕಡಿಮೆಯಾದರೆಂದು ಮುಚ್ಚಿದ ಹಳೆಯ ಶಾಲೆಯ ಜಾಗ ಮಾರಲು ಹೊರಟಿದ್ದಾರೆ. ವಿಚಾರಿಸಿದರೆ ‘ಜಮೀನು ಮಾತುಕತೆ ಗೌಪ್ಯ’ ಎನ್ನುತ್ತಾರೆ. ಇಲ್ಲಿನ ಪ್ರಜೆಗಳಲ್ಲದ ನಾವು ಪ್ರಶ್ನಿಸಬಹುದೇ? ಏನನ್ನು ಕೇಳಬೇಕು?

ಉತ್ತರ: ಧಾರಾಳವಾಗಿ ಕೇಳಬಹುದು. ನಮ್ಮ ಆರ್‌ಟಿಐ ಭಾರತದ ಪ್ರಜೆಗಳಿಗೆ ಮಾತ್ರ. ಕ್ಯಾಲಿಫೋರ್ನಿಯಾದ ಸಾರ್ವಜನಿಕ ದಾಖಲೆ ಕಾಯ್ದೆಗೆ ಆ ಮಿತಿಯಿಲ್ಲ. ಯಾರು ಬೇಕಾದರೂ ಅರ್ಜಿ ಹಾಕಬಹುದು, ಯಾಕೆ ಬೇಕು ಎಂದೂ ಹೇಳಬೇಕಿಲ್ಲ. ದಾಖಲೆ ಕೊಡುತ್ತೇವೋ ಇಲ್ಲವೋ ಎಂಬುದನ್ನು ಅವರು 10 ದಿನಗಳೊಳಗೆ ತಿಳಿಸಬೇಕು; ವಿಶೇಷ ಕಾರಣವಿದ್ದರೆ ಇನ್ನೊಂದು 14 ದಿನ. ಕಾಗದಗಳು ಕೈಗೆ ಬರುವುದು ಅದಕ್ಕಿಂತ ತಡವಾಗಬಹುದು, ಬೆನ್ನು ಬಿಡಬೇಡಿ. ಬೋರ್ಡ್ ಸಭೆಯಲ್ಲಿ ಮಾತನಾಡಲು ಹೆಸರು ಹೇಳಲೇಬೇಕೆಂಬ ಕಡ್ಡಾಯವೂ ಇಲ್ಲ. ಸಾಮಾನ್ಯವಾಗಿ ನಿಮಗಿಲ್ಲದ್ದು ಮತದ ಹಕ್ಕು; ಸ್ಯಾನ್ ಫ್ರಾನ್ಸಿಸ್ಕೋದ ಶಾಲಾ ಬೋರ್ಡ್ ಚುನಾವಣೆಯಲ್ಲಿ ಪ್ರಜೆಗಳಲ್ಲದ ಪೋಷಕರಿಗೆ ಅದೂ ಉಂಟು.

‘ಗೌಪ್ಯ’ ಎನ್ನುವುದು ಅರ್ಧ ನಿಜ. 1953ರ ಬ್ರೌನ್ ಕಾಯ್ದೆಯ ಪ್ರಕಾರ, ಬೆಲೆ ಎಷ್ಟು, ಹಣ ಹೇಗೆ ಕೊಡುವುದು ಎಂದು ತಮ್ಮ ಪರ ಚೌಕಾಸಿ ಮಾಡುವವರಿಗೆ ಸೂಚನೆ ಕೊಡಲು ಬೋರ್ಡ್ ಬಾಗಿಲು ಮುಚ್ಚಿ ಕೂರಬಹುದು. ಆದರೆ ಒಳಗೆ ಹೋಗುವ ಮೊದಲು ಯಾವ ಜಾಗ, ಯಾರ ಜೊತೆ ಮಾತುಕತೆ, ಜಿಲ್ಲೆಯ ಪರ ಮಾತಾಡುವವರು ಯಾರು ಎಂಬುದನ್ನು ಬಹಿರಂಗವಾಗಿ ಹೇಳಬೇಕು. ‘ಈ ಜಾಗ ನಮಗೆ ಬೇಕೇ?’ ಎಂಬ ಚರ್ಚೆಗೆ ಆ ಮುಚ್ಚಿದ ಬಾಗಿಲು ಅನ್ವಯಿಸುವುದಿಲ್ಲ. ಕೊಳ್ಳುವ ಜಾಗದ ಮೌಲ್ಯಮಾಪನ ವರದಿಗೂ ಖರೀದಿ ಮುಗಿಯುವ ತನಕ ಮಾತ್ರ ರಕ್ಷಣೆ. ನಿಮ್ಮಲ್ಲಿ ಖರೀದಿ ಮುಗಿದು ವರ್ಷಗಳೇ ಆದವು; ಆ ನೆಪ ಇನ್ನು ನಡೆಯದು.

ವರದಿ ಸಿಕ್ಕಿದ ಕೂಡಲೇ ಎಲ್ಲರೂ ಕೊನೆಯ ಪುಟದ ಮೊತ್ತಕ್ಕೆ ಹಾರುತ್ತಾರೆ. ನಾನಾದರೆ ಮೊದಲು ವರದಿಯ ತಾರೀಕು ನೋಡುತ್ತೇನೆ, ಆಮೇಲೆ ಅದರ ಊಹೆಗಳನ್ನು. ಜಾಗ ಆಗ ಇದ್ದ ಸ್ಥಿತಿಯಲ್ಲೇ ಬೆಲೆ ಕಟ್ಟಿದ್ದಾರೆಯೇ, ಅಥವಾ ‘ಮುಂದೆ ಮನೆ ಕಟ್ಟಲು ಅನುಮತಿ ಸಿಕ್ಕಿದರೆ’ ಎಂದು ಭಾವಿಸಿಕೊಂಡೇ? ಡೆವಲಪರ್ ಮಾರುವ ಜಮೀನಿನ ಬೆಲೆ ಉಬ್ಬುವುದು ಬಹುಮಟ್ಟಿಗೆ ಈ ಒಂದು ಸಾಲಿನಲ್ಲಿ.

ಡೆವಲಪರ್ ಅದೇ ಜಾಗವನ್ನು ಎಷ್ಟಕ್ಕೆ ಕೊಂಡಿದ್ದ ಎಂಬುದನ್ನೂ ಪತ್ತೆ ಹಚ್ಚಬಹುದು. ಕೌಂಟಿ ರೆಕಾರ್ಡರ್ ಕಚೇರಿಯೆಂದರೆ ನಮ್ಮೂರಿನ ಸಬ್‌ರಿಜಿಸ್ಟ್ರಾರ್ ಆಫೀಸು ಎಂದುಕೊಳ್ಳಿ. ಅಲ್ಲಿನ ಕ್ರಯಪತ್ರದಲ್ಲಿ ನಮೂದಾಗುವ ವರ್ಗಾವಣೆ ತೆರಿಗೆಯಿಂದ ಬೆಲೆಯನ್ನು ಲೆಕ್ಕ ಹಾಕಬಹುದು. ಶಾಲಾ ಜಿಲ್ಲೆಯ ಕ್ರಯಪತ್ರದಲ್ಲಿ ಸುಳಿವು ಸಿಗುವುದಿಲ್ಲ, ಕೊಳ್ಳುವ ಸರ್ಕಾರಿ ಸಂಸ್ಥೆಗೆ ಈ ತೆರಿಗೆಯಿಂದ ವಿನಾಯಿತಿ ಇದೆ. ಅದಕ್ಕಿಂತ ಹಿಂದಿನ ಪತ್ರ ತೆಗೆಸಿ. ಕೌಂಟಿ ದರ ಸಾವಿರ ಡಾಲರಿಗೆ 1.10 ಡಾಲರ್. ತೆರಿಗೆ 5,500 ಡಾಲರ್ ಎಂದಿದ್ದರೆ ಬೆಲೆ ಸುಮಾರು 50 ಲಕ್ಷ ಡಾಲರ್. ಕೆಲವು ನಗರಗಳು ಮೇಲೆ ತಮ್ಮದೂ ತೆರಿಗೆ ಹಾಕುತ್ತವೆ, ಅದನ್ನು ಬೇರ್ಪಡಿಸಿ ಲೆಕ್ಕ ಹಾಕಿ. ಎರಡು ಬೆಲೆಗಳ ಅಂತರ ದೊಡ್ಡದಿದ್ದ ಮಾತ್ರಕ್ಕೆ ಕಳ್ಳತನ ಎನ್ನಲಾಗದು. ಮಧ್ಯೆ ಮಾರುಕಟ್ಟೆ ಏರಿರಬಹುದು. ಆದರೆ ಉತ್ತರ ಕೊಡಬೇಕಾದವರು ಅವರು.

ಮಣ್ಣಿನ ಪರೀಕ್ಷೆಯ ವರದಿಯನ್ನೂ ಕೇಳಿ. ಲಾಸ್ ಏಂಜಲೀಸ್ ಶಾಲಾ ಜಿಲ್ಲೆ 1990ರ ದಶಕದಲ್ಲಿ ಹಳೆಯ ತೈಲಬಾವಿಗಳಿದ್ದ ನೆಲದಲ್ಲಿ ಬೆಲ್ಮಾಂಟ್ ಲರ್ನಿಂಗ್ ಸೆಂಟರ್ ಕಟ್ಟಲು ಹೊರಟಿತ್ತು. ಕಟ್ಟಡ ಮೇಲೇಳುತ್ತಿದ್ದಾಗ ನೆಲದಡಿಯ ಮೀಥೇನ್ ಅನಿಲದ ಭಯ ಶುರುವಾಗಿ 2000ದಲ್ಲಿ ಕೆಲಸ ನಿಂತಿತು; 2002ರಲ್ಲಿ ಭೂಕಂಪದ ಬಿರುಕೂ ಪತ್ತೆಯಾಯಿತು. ಒಂದಷ್ಟು ಕೆಡವಿ, ವಿನ್ಯಾಸ ಬದಲಿಸಿ, ಕೊನೆಗೆ ಅದು ಎಡ್ವರ್ಡ್ ರಾಯ್‌ಬಾಲ್ ಹೆಸರಿನ ಶಾಲೆಯಾಗಿ ತೆರೆದದ್ದು 2008ರಲ್ಲಿ. ಆ ಗದ್ದಲದ ಫಲವಾಗಿಯೇ, ರಾಜ್ಯದ ಹಣ ಬಯಸುವ ಹೊಸ ಶಾಲಾ ನಿವೇಶನಗಳನ್ನು ವಿಷವಸ್ತು ನಿಯಂತ್ರಣ ಇಲಾಖೆ ಪರಿಶೀಲಿಸಬೇಕೆಂಬ ಕಾನೂನು ಬಂತು.

ಇದೆಲ್ಲಕ್ಕಿಂತ ಮುಖ್ಯವಾದ ಕಾಗದ ಬೇರೆ ಇದೆ: ಖರೀದಿಗೆ ಮುನ್ನ ಬೋರ್ಡಿನ ಮುಂದಿದ್ದ ಮಕ್ಕಳ ಸಂಖ್ಯೆಯ ಅಂದಾಜು. ರಾಜ್ಯದ ಪಬ್ಲಿಕ್ ಸ್ಕೂಲುಗಳಲ್ಲಿ 2004-05ರ ಸುಮಾರಿಗೆ 63 ಲಕ್ಷ ಮಕ್ಕಳಿದ್ದರು, 2023-24ಕ್ಕೆ ಸುಮಾರು 58 ಲಕ್ಷ. ಇಳಿಮುಖ ಕಣ್ಣೆದುರಿಗೇ ಇದ್ದಾಗ ಹೊಸ ಶಾಲೆಗೆ ಜಾಗ ಕೊಂಡಿದ್ದಾದರೆ ಯಾವ ಅಂಕಿ ನಂಬಿ ಕೊಂಡರು? ‘ಎಷ್ಟು ತಿಂದರು’ ಎಂದು ಕೂಗಿದರೆ ಅವರ ವಕೀಲರಿಗೆ ಸಲೀಸು. ಈ ಪ್ರಶ್ನೆಗೆ ಹಾಗೆ ಜಾರಿಕೊಳ್ಳಲಾಗದು.

ಸ್ವಹಿತದ ಶಂಕೆಯಿದ್ದರೆ ಬೋರ್ಡ್ ಸದಸ್ಯರ ಫಾರ್ಮ್ 700 ತೆಗೆಸಿ. ಅವರ ಆಸ್ತಿ, ಆದಾಯದ ಘೋಷಣೆ ಅದು, ಸಾರ್ವಜನಿಕ ದಾಖಲೆ.

ಮಾರಾಟದ ವಿಷಯದಲ್ಲಿ ಹಿಡಿತ ಇನ್ನೂ ಗಟ್ಟಿ. ಹೆಚ್ಚುವರಿ ಜಾಗ ಮಾರುವ ಮುನ್ನ ಸಾಮಾನ್ಯವಾಗಿ 7ರಿಂದ 11 ಜನರ ಸಲಹಾ ಸಮಿತಿ ನೇಮಿಸಬೇಕು, ಅದರಲ್ಲಿ ಪೋಷಕರೂ ಇರಬೇಕು. ಮಾರುವ ಉದ್ದೇಶದ ನಿರ್ಣಯಕ್ಕೆ ಮೂರನೇ ಎರಡರಷ್ಟು ಮತ ಬೇಕು. ಲಿಖಿತ ಬಿಡ್‌ಗಳನ್ನು ತೆರೆದ ಮೇಲೆ ಸ್ಥಳದಲ್ಲೇ ಕೂಗುವವರು ಅವುಗಳಲ್ಲಿ ಅತಿ ಹೆಚ್ಚಿನದಕ್ಕಿಂತ ಕನಿಷ್ಠ ಶೇ 5 ಹೆಚ್ಚು ಕೂಗಬೇಕು. ಆದರೆ ಈ ಬಿಡ್ ನಿಯಮಗಳಿಂದಲೇ ರಾಜ್ಯ ಶಿಕ್ಷಣ ಮಂಡಳಿಯ ವಿನಾಯಿತಿ ಪಡೆಯುವ ಜಿಲ್ಲೆಗಳುಂಟು. ನಿಮ್ಮವರು ಅಂಥ ಅರ್ಜಿ ಹಾಕಿದ್ದಾರೆಯೇ ಎಂದು ಇವತ್ತೇ ವಿಚಾರಿಸಿ, ಮಾರಾಟವಾದ ಮೇಲೆ ಅಲ್ಲ.

ಸಭೆಯ ಎರಡು ಮೂರು ನಿಮಿಷದಲ್ಲಿ ಇಷ್ಟೆಲ್ಲ ಹೇಳಲಾಗದು. ಜಿಲ್ಲೆಗೆ ಸಂಬಂಧಿಸಿದ ವಿಷಯವನ್ನು ಅಜೆಂಡಾಕ್ಕೆ ಸೇರಿಸಲು ಸಾರ್ವಜನಿಕರಿಗೂ ಅವಕಾಶವಿರಬೇಕೆಂದು ಶಿಕ್ಷಣ ಸಂಹಿತೆಯೇ ಹೇಳುತ್ತದೆ. ಅದನ್ನು ಬಳಸುವವರು ಬೆರಳೆಣಿಕೆ. ಅಲ್ಲೂ ಸರಿಯಾದ ಉತ್ತರ ಬಾರದಿದ್ದರೆ ಕೌಂಟಿಯ ಸಿವಿಲ್ ಗ್ರ್ಯಾಂಡ್ ಜ್ಯೂರಿಗೆ, ಅಂದರೆ ಸ್ಥಳೀಯ ಆಡಳಿತದ ಮೇಲೆ ಕಣ್ಣಿಡುವ ನಾಗರಿಕರ ಸಮಿತಿಗೆ, ದೂರು ಕೊಡಿ. ಅದರ ಸದಸ್ಯರಾಗಲು ಪೌರತ್ವ ಬೇಕು, ದೂರಲು ಬೇಡ. ಅದು ವರದಿ ಹೊರಡಿಸಿದರೆ ಶಾಲಾ ಬೋರ್ಡ್ 90 ದಿನಗಳಲ್ಲಿ ಲಿಖಿತ ಉತ್ತರ ಕೊಡಲೇಬೇಕು.

ಪ್ರಶ್ನೆ: ಇದೇ ರಾಜ್ಯದ ಇನ್ನೊಂದು ಜಿಲ್ಲೆಯವಳು ನಾನು. ಜಾಗ ಮಾರಿದ ಹಣದಲ್ಲಿ ಶಿಕ್ಷಕರ ಸಂಬಳ ಹೆಚ್ಚಿಸಿದರೆ ತಪ್ಪೇನು?

ಉತ್ತರ: ಆಸೆ ಒಳ್ಳೆಯದೇ, ಕಾನೂನು ಬಿಡುವುದಿಲ್ಲ. ಆ ಹಣ ಕಟ್ಟಡದಂಥ ಬಂಡವಾಳ ವೆಚ್ಚಕ್ಕೆ, ಪದೇ ಪದೇ ಬಾರದ ದುರಸ್ತಿಗೆ ಮೀಸಲು. ಸಂಬಳದಂಥ ನಿತ್ಯದ ಖರ್ಚಿನ ಸಾಮಾನ್ಯ ನಿಧಿಗೆ ಹಾಕಿಕೊಳ್ಳಲು ಒಂದು ದಾರಿಯುಂಟು: ಮುಂದಿನ 10 ವರ್ಷ ಹೊಸ ನಿವೇಶನವೋ ಕಟ್ಟಡವೋ ಬೇಕಾಗುವುದಿಲ್ಲ ಎಂದು ಶಾಲಾ ಬೋರ್ಡೂ, ಶಾಲಾ ಕಟ್ಟಡಗಳಿಗೆ ರಾಜ್ಯದ ಹಣ ಹಂಚುವ ಮಂಡಳಿಯೂ ನಿರ್ಧರಿಸಬೇಕು. ಮೊದಲ ಪ್ರಶ್ನೆ ಕೇಳಿದವರೂ ಇದನ್ನು ಗಮನಿಸಲಿ. ಅವರ ಬೋರ್ಡ್ ಇಂಥ ನಿರ್ಧಾರಕ್ಕೆ ಸಹಿ ಹಾಕಿದರೆ, ಹೊಸ ಶಾಲೆಗೆಂದು ಕೊಂಡ ಆ ಖಾಲಿ ಜಮೀನನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಅದೇ ಸಭೆಯಲ್ಲಿ ಕೇಳಬಹುದು.