ಸೀಲ್ ಕಿಟ್ ತರುವ ಮೊದಲು ಬ್ರೀದರ್ ಬಿಚ್ಚಿ ನೋಡಿ

ಗೌಡ್ರೇ, ನಕಲ್ (ಸ್ಟೇರಿಂಗ್ ಜೊತೆ ಮುಂದಿನ ಚಕ್ರ ತಿರುಗುವ ಗೆಣ್ಣು) ಸೀಲ್ ಕಿಟ್ ಎಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಈ ಗುಂಪಿನಲ್ಲಿ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮದು ಮಾರುತಿ ಜಿಪ್ಸಿ ಕಿಂಗ್. ಮುಂದಿನ ಎಡಗಡೆ ಗೋಲದ (ನಕಲ್ ಒಳಗೆ ಕೂರುವ, ಆಕ್ಸಲ್ ತುದಿಯ ಉಂಡೆ) ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದೆ. ಗ್ರೀಸ್ ನೀರಾಗಿ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದೆ. ಹೋದ ಮಳೆಗಾಲದಲ್ಲಿ ಹೊರಗಿನ ಸೀಲ್ ಹಾಕಿಸಿದ್ದೀರಿ, ಈಗ ಮತ್ತೆ ಅದೇ ಕಥೆ. ಈ ಸಲ ಪ್ಲೇಟ್ ಬಿಚ್ಚಿ, ಸಂದಿಯಿಂದ ಹೊಸ ಗ್ರೀಸ್ ತುರುಕಿ, ಸೀಲಿನ ಸುತ್ತ ಸಿಲಿಕಾನ್ ಬಳಿಯುವ ಯೋಚನೆ. ದಯವಿಟ್ಟು ಬೇಡ. ಹೊರಗಿನ ಸೀಲನ್ನೇ ಬದಲಾಯಿಸುತ್ತಾ ನಾನೂ ದುಡ್ಡು ಕಳೆದಿದ್ದೇನೆ, ಅದಕ್ಕೇ ಇಷ್ಟುದ್ದ ಬರೆಯುತ್ತಿರುವುದು.

ಮೊದಲು ಸಿಲಿಕಾನ್ ವಿಷಯ ಮುಗಿಸಿಬಿಡೋಣ. ಆ ಸೀಲ್ ನಿಂತಲ್ಲೇ ನಿಲ್ಲುವ ಗ್ಯಾಸ್ಕೆಟ್ ಅಲ್ಲ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಗೋಲದ ಮೇಲೆ ಜಾರುತ್ತಿರಬೇಕು. ಸಿಲಿಕಾನ್ ಬಳಿದರೆ ಮೊದಲ ತಿರುವಿಗೇ ಕಿತ್ತು ಬರುತ್ತದೆ, ಬರುವಾಗ ಫೆಲ್ಟನ್ನೂ ಎಳೆದುಕೊಂಡು ಬರುತ್ತದೆ. ಅನಾಬಾಂಡ್ ಸಿಲಿಕಾನ್ ಒಳ್ಳೆಯ ಮಾಲೇ, ಆದರೆ ಅದರ ಜಾಗ ಡಿಫ್ (ಡಿಫರೆನ್ಷಿಯಲ್, ಆಕ್ಸಲ್ ನಡುವೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರು) ಹೌಸಿಂಗ್‌ನಂಥ ಕಡೆ, ಇಲ್ಲಲ್ಲ.

ಈಗ ನಿಜವಾದ ಕಾಯಿಲೆ. ನಿಮ್ಮ ಫೋಟೋದಲ್ಲಿ ತೊಟ್ಟಿಕ್ಕುತ್ತಿರುವುದು ಬರೀ ಗ್ರೀಸ್ ಅಲ್ಲ. ಬೆರಳಿಗೆ ತೆಗೆದುಕೊಂಡು ಮೂಸಿ ನೋಡಿ. ಗಂಧಕದ ವಾಸನೆ ಬಂದರೆ ಅದು ಡಿಫ್ ಎಣ್ಣೆ. ಅಂದರೆ ಒಳಗಿನ ಆಕ್ಸಲ್ ಸೀಲ್ ದಾಟಿ ಎಣ್ಣೆ ಗೋಲದೊಳಗೆ ಬಂದಿದೆ, ಗ್ರೀಸನ್ನು ತೆಳ್ಳಗೆ ಮಾಡಿ ಹೊರಗೆ ಹಾಕುತ್ತಿದೆ. ಹೊರಗಿನ ಸೀಲ್ ಇರುವುದು ಗಟ್ಟಿ ಗ್ರೀಸ್ ಹಿಡಿಯಲು, ನೀರು ಕೆಸರು ಒರೆಸಲು. ತೆಳು ಎಣ್ಣೆಯನ್ನು ಹೊಸ ಸೀಲ್ ಕೂಡ ತಡೆಯುವುದಿಲ್ಲ. ಫಿಲ್ಲರ್ ಪ್ಲಗ್ ಬಿಚ್ಚಿ ಮಟ್ಟ ನೋಡಿ. ಮುಂದಿನ ಡಿಫ್‌ನಲ್ಲಿ ಎಣ್ಣೆ ಕಡಿಮೆ ಇದ್ದರೆ ಅನುಮಾನವೇ ಬೇಡ.

ಹಾಗಾದರೆ ಒಳಗಿನ ಸೀಲ್ ಯಾಕೆ ಸೋತಿತು? ಇಲ್ಲೇ ಎಲ್ಲರೂ ಎಡವುವುದು. ಆಕ್ಸಲ್ ಹೌಸಿಂಗ್ ಮೇಲೆ ಒಂದು ಸಣ್ಣ ಬ್ರೀದರ್ ಇದೆ, ಒಳಗಿನ ಗಾಳಿ ಹೋಗಿ ಬರುವ ಮೂತಿ. ಬಹಳ ಗಾಡಿಗಳಲ್ಲಿ ಅದರ ಮೇಲೆ ಕೆಂಪು ಮಣ್ಣು ಕೂತು ಕಲ್ಲಾಗಿರುತ್ತದೆ. ನೀವೇ ಬರೆದ ಹಾಗೆ ಮಳೆಗಾಲ ಪೂರ್ತಿ ಹಬ್ ಲಾಕ್ ಮಾಡಿಯೇ, ಅಂದರೆ ಮುಂದಿನ ಚಕ್ರವನ್ನು ಅದರ ಶಾಫ್ಟ್‌ಗೆ ಜೋಡಿಸಿಯೇ ಓಡಿಸುತ್ತೀರಿ. ಹಬ್ ಲಾಕ್ ಆಗಿದ್ದರೆ ಲಿವರ್ 2ಎಚ್‌ನಲ್ಲಿ (ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ) ಇದ್ದರೂ ಮುಂದಿನ ಶಾಫ್ಟ್, ಡಿಫ್ ಎಲ್ಲ ತಿರುಗುತ್ತವೆ, ಬಿಸಿಯಾಗುತ್ತವೆ. ಒಳಗಿನ ಗಾಳಿ ಹಿಗ್ಗುತ್ತದೆ. ಬ್ರೀದರ್ ಕಟ್ಟಿದ್ದರೆ ಆ ಒತ್ತಡ ಸೀಲಿನ ಮೇಲೆ ಬಿದ್ದು ಎಣ್ಣೆಯನ್ನು ಗೋಲಕ್ಕೆ ತಳ್ಳುತ್ತದೆ. ಆಮೇಲೆ ಘಾಟಿ ಹತ್ತಿ ಬಂದವರು ಸೀದಾ ತೋಟದ ಹಳ್ಳಕ್ಕೆ ಇಳಿಸುತ್ತೀರಿ. 70 ಡಿಗ್ರಿ ಇದ್ದ ಆಕ್ಸಲ್ 25ಕ್ಕೆ ಇಳಿದರೆ ಒಳಗಿನ ಗಾಳಿ ನೂರಕ್ಕೆ 13 ಭಾಗದಷ್ಟು ಕುಗ್ಗುತ್ತದೆ. ಆ ಖಾಲಿ ತುಂಬಲು ಗಾಳಿ ಬರಬೇಕಾದ ದಾರಿ ಮುಚ್ಚಿದೆ. ಸುತ್ತ ಇರುವುದು ನೀರು. ಆಕ್ಸಲ್ ಆ ನೀರನ್ನೇ ಸೀಲಿನ ಸಂದಿಯಿಂದ ಎಳೆದುಕೊಳ್ಳುತ್ತದೆ. ಒಳಗಿನ ಸೀಲಿನ ತುಟಿ ಡಿಫ್ ಕಡೆಯ ಎಣ್ಣೆಗೆ ಮುಖ ಮಾಡಿ ಕೂತಿದೆ. ಆಚೆ ಕಡೆಯಿಂದ ಬರುವ ನೀರಿಗೆ ಅದು ಅಷ್ಟು ಅಡ್ಡಿ ಮಾಡುವುದಿಲ್ಲ.

ಇದನ್ನು ನನಗೆ ತೋರಿಸಿಕೊಟ್ಟವರು ಒಬ್ಬ ಹಳೇ ಜೀಪ್ ಮೇಸ್ತ್ರಿ. ಅವರು ಸೀಲ್ ಮುಟ್ಟಲೇ ಇಲ್ಲ. ಗಾಡಿ ಓಡಿಸಿಕೊಂಡು ಬಂದು ಆಕ್ಸಲ್ ಬಿಸಿ ಇರುವಾಗಲೇ ಫಿಲ್ಲರ್ ಪ್ಲಗ್ ನಿಧಾನ ಸಡಿಲ ಮಾಡಿದರು. ಉಸ್ ಅಂತ ಗಾಳಿ ಬಂತು. "ಇದಕ್ಕೆ ಉಸಿರು ಕಟ್ಟಿದೆ, ನೀನು ಸೀಲ್ ಬದಲಾಯಿಸ್ತಾ ಕೂತಿದೀಯ" ಅಂದರು. ನೀವೂ ಹಾಗೇ ಮಾಡಿ ನೋಡಿ. ಮುಖ ಪ್ಲಗ್‌ನ ಎದುರಿಗೆ ಇಡಬೇಡಿ, ಬಿಸಿ ಎಣ್ಣೆ ಹಾರಬಹುದು. ಗಾಳಿ ಬರದಿದ್ದರೂ ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಊದಿ ನೋಡಿ. ಪೈಪ್ ಇದ್ದರೆ ಅದನ್ನೂ ಊದಿ. ಕಣಜದ ಹುಳ ಪೈಪಿನ ತುದಿಯಲ್ಲಿ ಮಣ್ಣಿನ ಗೂಡು ಕಟ್ಟಿದ್ದನ್ನೂ ನೋಡಿದ್ದೇನೆ.

ಶಾಶ್ವತ ಕೆಲಸ ಅಂದರೆ ಬ್ರೀದರನ್ನು ಮೇಲಕ್ಕೆ ಒಯ್ಯುವುದು. ಆಕ್ಸಲ್ ಮೇಲಿನ ನಿಪ್ಪಲ್‌ನಿಂದ ಪೆಟ್ರೋಲ್ ಪೈಪ್ ಎಳೆದು ಎಂಜಿನ್ ಕೋಣೆಯ ಹಿಂಗೋಡೆಯ ಮೇಲ್ತುದಿಗೆ ಕಟ್ಟಿ. ತುದಿಗೆ ಒಂದು ಸಣ್ಣ ಬೈಕ್ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿ, ಧೂಳು ಹುಳ ಒಳಗೆ ಹೋಗುವುದಿಲ್ಲ. ಪೈಪ್ ಎಲ್ಲೂ ಜೋತುಬಿದ್ದು ತಗ್ಗು ಆಗಬಾರದು, ಅಲ್ಲಿ ಎಣ್ಣೆಯೋ ನೀರೋ ನಿಂತು ಮತ್ತೆ ಕಟ್ಟುತ್ತದೆ. ಹಾಗಂತ ಬಿಗಿಯಾಗಿಯೂ ಕಟ್ಟಬೇಡಿ. ಚಕ್ರ ಗುಂಡಿಗೆ ಇಳಿದಾಗ ಆಕ್ಸಲ್ ಎಷ್ಟು ಕೆಳಗೆ ಹೋಗುತ್ತದೆ ಅಂತ ಜಾಕ್ ಹಾಕಿ ನೋಡಿಯೇ ಉದ್ದ ಕತ್ತರಿಸಿ. ಸೈಲೆನ್ಸರ್‌ನಿಂದ ದೂರ ಇರಲಿ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪ್ ಹಾಕಿದವರನ್ನು ಈ ಗುಂಪಿನಲ್ಲೇ ನೋಡಿದ್ದೇನೆ. ಬಿಸಿಗೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ. ಆಗ ಬ್ರೀದರ್ ಇದ್ದೂ ಇಲ್ಲದ ಹಾಗೆ. ಹಿಂದಿನ ಆಕ್ಸಲ್‌ಗೂ ಇದೇ ಮಾಡಿ. ಅದು ಯಾವಾಗಲೂ ತಿರುಗುವುದು, ಯಾವಾಗಲೂ ಬಿಸಿ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ನ (ಮುಂದಿನ ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ) ಬ್ರೀದರ್‌ಗಳನ್ನೂ ಒಮ್ಮೆ ನೋಡಿಬಿಡಿ.

ಬ್ರೀದರ್ ಸರಿ ಮಾಡಿದ ತಕ್ಷಣ ಹಳೇ ಸೀಲ್ ವಾಸಿಯಾಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಳಗೆ ನೀರು ಹೋಗಿದೆ, ಹಾಗಾಗಿ ಒಂದು ಸಲ ಪೂರ್ತಿ ಬಿಚ್ಚಲೇಬೇಕು. ಚಕ್ರಕ್ಕೆ ಅಡೆ ಕೊಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಜಂಬಿಟ್ಟಿಗೆ ಕಲ್ಲು ಜೋಡಿಸಿ ಅದರ ಕೆಳಗೆ ಮಲಗಬೇಡಿ, ಅದು ಹೇಳದೆ ಕೇಳದೆ ಸೀಳಿಬಿಡುತ್ತದೆ. ಕ್ಯಾಲಿಪರ್ ಬಿಚ್ಚಿದರೆ ತಂತಿಯಲ್ಲಿ ಪ್ಲೇಟ್ ಸ್ಪ್ರಿಂಗ್‌ಗೆ ಕಟ್ಟಿ, ಬ್ರೇಕ್ ಹೋಸ್‌ಗೆ ನೇತುಹಾಕಬೇಡಿ. ಹಬ್‌ನ ದೊಡ್ಡ ನಟ್‌ಗೆ ಸರಿಯಾದ ಸಾಕೆಟ್ ತನ್ನಿ. ಉಳಿ ಸುತ್ತಿಗೆಯಲ್ಲಿ ಹೊಡೆದು ತೆಗೆಯುವ ವರ್ಕ್‌ಶಾಪ್ ಇದ್ದರೆ ಗಾಡಿ ವಾಪಸ್ ತಂದುಬಿಡಿ.

ಶಾಫ್ಟ್ ಹೊರಗೆ ಬಂದ ಮೇಲೆ ಸೀಲ್ ಉಜ್ಜುವ ಜಾಗದ ಮೇಲೆ ಉಗುರು ಆಡಿಸಿ. ಉಗುರಿಗೆ ಗೆರೆ ಸಿಕ್ಕರೆ ಹೊಸ ಸೀಲೂ ಸೋರುತ್ತದೆ. ಆಗ ಸೀಲನ್ನು ಒಂದು ಕೂದಲೆಳೆ ಹಿಂದೆ ಕೂರಿಸಿದರೆ ತುಟಿ ಹೊಸ ಜಾಗದ ಮೇಲೆ ಬರುತ್ತದೆ. ಗೆರೆ ಆಳವಿದ್ದರೆ ಎಸ್‌ಕೆಎಫ್‌ನ ಸ್ಪೀಡಿ ಸ್ಲೀವ್ ಥರದ ತೆಳು ಬಳೆ ಹಾಕಿಸಬೇಕು. ಶಾಫ್ಟ್ ವಾಪಸ್ ಹಾಕುವಾಗ ಎರಡೂ ಕೈಯಲ್ಲಿ ಎತ್ತಿ ಹಿಡಿದು ತೂರಿಸಿ. ಅದರ ಭಾರ ಸೀಲಿನ ಮೇಲೆ ಬಿಟ್ಟು ಎಳೆದರೆ ಶಾಫ್ಟ್ ತುದಿಯ ಹಲ್ಲುಗಳು ಸೀಲಿನ ತುಟಿಯನ್ನು ಕತ್ತರಿಸುತ್ತವೆ. ಹೊಸ ಸೀಲ್ ಹಾಕಿದ ದಿನವೇ ಸೋರಿತು ಅನ್ನುವವರಲ್ಲಿ ಅರ್ಧ ಜನರ ಕಥೆ ಇದೇ ಇರಬೇಕು.

ಗೋಲದ ಮೇಲೆ ತುಕ್ಕಿನ ಗುಳಿ ಇದ್ದರೆ ಸಣ್ಣ ಎಮರಿ ಹಾಳೆಯಲ್ಲಿ ಉಜ್ಜಿ. ಆಳದ ಗುಳಿಗೆ ಅರಾಲ್ಡೈಟ್ ತುಂಬಿ, ಗಟ್ಟಿಯಾದ ಮೇಲೆ ನುಣ್ಣಗೆ ಮಾಡಿ. ಕಿಂಗ್‌ಪಿನ್ (ನಕಲ್ ತಿರುಗುವ ಮೇಲಿನ ಕೆಳಗಿನ ಗೂಟ) ಬಿಚ್ಚಿದರೆ ಮೇಲಿನದು ಕೆಳಗಿನದು ಗುರುತು ಹಾಕಿ, ಶಿಮ್ (ಅಳತೆ ಸರಿಮಾಡುವ ತೆಳು ತಗಡು) ಅದಲು ಬದಲು ಆಗಬಾರದು. ಬಿಚ್ಚುವ ಮೊದಲೇ ಒಂದು ಪರೀಕ್ಷೆ ಮಾಡಿ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಮನೆಯವರಿಗೆ ಬ್ರೇಕ್ ತುಳಿಯಲು ಹೇಳಿ. ತುಳಿದಾಗ ಆಟ ಮಾಯವಾದರೆ ವೀಲ್ ಬೇರಿಂಗ್. ತುಳಿದರೂ ಇದ್ದರೆ ಕಿಂಗ್‌ಪಿನ್. ಕಿಂಗ್‌ಪಿನ್ ಬೇರಿಂಗ್ ಸವೆದಿದ್ದರೆ ನಕಲ್ ಗೋಲದ ಮೇಲೆ ಒಂದು ಕಡೆಗೆ ವಾಲುತ್ತದೆ. ಬ್ರೀದರ್ ಎಷ್ಟೇ ಚೊಕ್ಕ ಇದ್ದರೂ ಸೀಲ್ ಸೋರುತ್ತದೆ.

ವೀಲ್ ಬೇರಿಂಗ್‌ನ ಗ್ರೀಸ್ ಕೂಡ ಬದಲಾಯಿಸಿ. ತೆಳುವಾದ ಎಣ್ಣೆ ಸ್ಪಿಂಡಲ್ ಮೂಲಕ ಹಬ್‌ಗೂ ಹೋಗಿ ಅಲ್ಲಿನ ಗ್ರೀಸನ್ನು ತೊಳೆದಿರುತ್ತದೆ. ಇದನ್ನು ಬಿಟ್ಟರೆ ಸ್ವಲ್ಪ ದಿನಕ್ಕೆ ಬೇರಿಂಗ್ ಕೂಗಲು ಶುರು ಮಾಡುತ್ತದೆ, ಆಗ ಸೀಲನ್ನು ಬೈಯುತ್ತೀರಿ.

ಗೋಲದೊಳಗಿನ ಸಿ.ವಿ. ಜಾಯಿಂಟ್‌ಗೆ (ಚಕ್ರ ತಿರುಗಿಸಿದಾಗಲೂ ಶಕ್ತಿ ದಾಟಿಸುವ ಕೀಲು) ಮಾಲಿ (ಮಾಲಿಬ್ಡಿನಂ) ಇರುವ ಲಿಥಿಯಂ ಗ್ರೀಸ್ ಹಾಕಿ, ಡಬ್ಬದ ಮೇಲೆ ಇಪಿ 2 ಅಂತ ಇರಲಿ. ಕ್ಯಾಸ್ಟ್ರಾಲ್, ಗಲ್ಫ್, ಸರ್ವೋ ಯಾವುದಾದರೂ ಆದೀತು, ಅದಕ್ಕೆ ಜಗಳ ಬೇಡ. ಜಗಳ ಇರುವುದು ಹಳೇ ಗ್ರೀಸ್ ಮೇಲೇ ಹೊಸದು ತುಂಬುವವರ ಜೊತೆ. ಜಾತಿ ಬೇರೆ ಇದ್ದರೆ ಎರಡೂ ಸೇರಿ ನೀರಾಗಬಹುದು. ನೀರು ಕುಡಿದ ಗ್ರೀಸ್ ಒಳಗೇ ಉಳಿದರೆ ತುಕ್ಕು ಹಿಡಿಯುವುದು ಖಂಡಿತ. ಪೂರ್ತಿ ಕೆರೆದು, ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ ಹಾಕಿ. ಕಂಠಪೂರ್ತಿ ತುಂಬಬೇಡಿ, ಸ್ವಲ್ಪ ಜಾಗ ಬಿಡಿ. ಮೇಲೆ ಕಾಮೆಂಟಿನಲ್ಲಿ ಒಬ್ಬರು ಗೋಲಕ್ಕೆ 90 ನಂಬರಿನ ಗೇರ್ ಎಣ್ಣೆ ಹೊಯ್ಯಿರಿ ಅಂದಿದ್ದಾರೆ. ಅದು ಹಳೇ ಲ್ಯಾಂಡ್ ರೋವರ್ ಪದ್ಧತಿ, ಅದರ ಸೀಲ್ ಅದಕ್ಕೇ ಅಂತ ಇದೆ. ಜಿಪ್ಸಿಗೆ ಹೊಯ್ದರೆ ಶೆಡ್ಡಿನ ನೆಲಕ್ಕೆ ಹೊಯ್ದ ಹಾಗೇ.

ಡಿಫ್ ಎಣ್ಣೆಯೂ ಬೆಳ್ಳಗಾಗಿದ್ದರೆ ರಾತ್ರಿ ಗಾಡಿ ಅಲ್ಲಾಡಿಸದೆ ನಿಲ್ಲಿಸಿ. ಬೆಳಿಗ್ಗೆ ಡ್ರೈನ್ ಪ್ಲಗ್ ಸಡಿಲಿಸಿದರೆ ಬೆರೆಯದ ನೀರು ಮೊದಲು ಬರುತ್ತದೆ. ಆದರೆ ಯಾವತ್ತೂ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ, ಡ್ರೈನ್ ಆಮೇಲೆ. ಎಣ್ಣೆ ಎಲ್ಲ ಸುರಿದ ಮೇಲೆ ಫಿಲ್ಲರ್ ಬರಲೊಲ್ಲದು ಅಂತ ರಾತ್ರಿ ಹನ್ನೊಂದಕ್ಕೆ ಇಲ್ಲಿ ಪೋಸ್ಟ್ ಹಾಕಿದವರಿದ್ದಾರೆ. ಮೊದಲು ಅಗ್ಗದ ಎಣ್ಣೆ ಹಾಕಿ ಸ್ವಲ್ಪ ಓಡಿಸಿ ಚೆಲ್ಲಿ, ಆಮೇಲೆ ಒಳ್ಳೆಯದು ಹಾಕಿ. ಡಿಫ್‌ಗೆ ಜಿಎಲ್ 5, ಗೇರ್‌ಬಾಕ್ಸ್‌ಗೆ ಜಿಎಲ್ 4, ಗೇರ್ ಎಣ್ಣೆಯ ಈ ದರ್ಜೆ ಡಬ್ಬದ ಮೇಲೇ ಇರುತ್ತದೆ. ಎಲ್ಲಕ್ಕೂ ಒಂದೇ ಡಬ್ಬ ಸಾಕು ಅನ್ನುವ ಅಂಗಡಿಯವರ ಮಾತು ಕೇಳಬೇಡಿ, ಜಿಎಲ್ 5ನಲ್ಲಿರುವ ಗಂಧಕ ಗೇರ್‌ಬಾಕ್ಸ್‌ನೊಳಗಿನ ಹಿತ್ತಾಳೆ ಸಿಂಕ್ರೋ ರಿಂಗ್‌ಗಳಿಗೆ (ಗೇರ್ ಸಲೀಸಾಗಿ ಬೀಳಲು ಇರುವ ಬಳೆ) ಆಗಿಬರುವುದಿಲ್ಲ. ಸಮತಟ್ಟು ನೆಲದಲ್ಲಿ ಫಿಲ್ಲರ್ ತೂತಿನ ಅಂಚಿಗೆ ಬಂದರೆ ಸಾಕು. ಜಾಸ್ತಿ ತುಂಬಿದರೆ ಅದೂ ಸೀಲಿನ ಮೇಲೇ ಬರುತ್ತದೆ.

ಈಗ ನಿಮ್ಮ ಪ್ರಶ್ನೆ. ಬೆಂಗಳೂರಿಗೆ ಹೋಗುವುದಿದ್ದರೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಸೀಲ್ ಮಾತ್ರ ಮಾರುತಿಯ ಅಸಲಿ ಭಾಗವೇ ತನ್ನಿ, ಇಲ್ಲಿ ಉಳಿಸಲು ಹೋಗಬೇಡಿ. ಅಗ್ಗದ ಕಿಟ್‌ನ ರಬ್ಬರ್ ಮುಟ್ಟಿದರೇ ಗೊತ್ತಾಗುತ್ತದೆ, ಗಟ್ಟಿ ಇರುತ್ತದೆ. ಬೇರಿಂಗ್ ಎನ್‌ಬಿಸಿ ಆದರೂ ಸರಿ, ಎಸ್‌ಕೆಎಫ್ ಆದರೂ ಸರಿ, ಬಿಲ್ ಕೊಡುವ ಅಂಗಡಿಯಲ್ಲಿ ತೆಗೆದುಕೊಳ್ಳಿ. ಡಬ್ಬ ಅಸಲಿ, ಒಳಗಿನ ಮಾಲು ನಕಲಿ ಆಗುವುದುಂಟು. ಒಳಗಿನ ಸೀಲನ್ನು ಎರಡೂ ಕಡೆಗೆ ತನ್ನಿ. ಎಡಗಡೆ ಹೋಗಿದ್ದರೆ ಬಲಗಡೆಯದೂ ಅದೇ ಒತ್ತಡ ತಿಂದಿದೆ.

ಹಬ್ ವಿಷಯ ಇನ್ನೊಂದು ಮಾತು. ಮಳೆಗಾಲವಿಡೀ ಲಾಕ್ ಇಡುವುದು ತಪ್ಪಲ್ಲ, ಕೆಸರಲ್ಲಿ ಇಳಿದು ತಿರುಗಿಸುವ ಕಷ್ಟ ತಪ್ಪುತ್ತದೆ. ಆದರೆ ಹಬ್ ಲಾಕ್ ಇದ್ದಾಗ ಒಣ ಡಾಂಬರಿನಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ) ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು, ಟ್ರಾನ್ಸ್‌ಫರ್ ಕೇಸ್ ಬಿಡುವುದಿಲ್ಲ, ಮೈಯೆಲ್ಲ ಬಿಗಿದುಕೊಳ್ಳುತ್ತದೆ. ಆಮೇಲೆ ಲಿವರ್ ಬರಲಿಲ್ಲ ಅಂತ ಕಾಲಲ್ಲಿ ಒದೆಯಬೇಡಿ. ಸ್ವಲ್ಪ ರಿವರ್ಸ್ ಹೋದರೆ ತಾನೇ ಸಡಿಲವಾಗುತ್ತದೆ. ಮುಂದೆ ಹೊಸ ಟೈರ್, ಹಿಂದೆ ಬೋಳು ಟೈರ್ ಹಾಕಿಕೊಂಡವರಿಗೂ ಇದೇ ಗತಿ. ಬೇಸಿಗೆಯಲ್ಲಿ ಹಬ್ ಬಿಟ್ಟಿದ್ದರೆ ಆಗಾಗ ಲಾಕ್ ಮಾಡಿ ಒಂದಷ್ಟು ದೂರ ಓಡಿಸಿ, ಮುಂದಿನ ಡಿಫ್‌ನ ಮೇಲಿನ ಭಾಗಕ್ಕೆ ಎಣ್ಣೆ ಹತ್ತಲಿ.

ಹಳ್ಳ ದಾಟಿದ ದಿನ ಸಂಜೆಯೇ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ಗಳಿಗೆ (ತುದಿಯ ಕೂಡುಕೀಲು) ಗ್ರೀಸ್ ಗನ್ ಹಿಡಿಯಿರಿ, ನಾಲ್ಕೂ ಕಪ್‌ನಿಂದ ಹೊಸ ಗ್ರೀಸ್ ಇಣುಕುವವರೆಗೆ. ನಾಳೆ ಅಂದರೆ ತುಕ್ಕು ಕಾಯುವುದಿಲ್ಲ. ಹಿಂದಿನ ಡ್ರಮ್‌ನಲ್ಲಿ ಮರಳು ಸೇರಿರುತ್ತದೆ, ವಾರದೊಳಗೆ ಬಿಚ್ಚಿ ತೊಳೆಯಿರಿ.

ಕೊನೆಯಲ್ಲಿ ಹಳೇ ವಿಲ್ಲೀಸ್ ಜೀಪ್ ಇಟ್ಟುಕೊಂಡವರು ಕೇಳಿದ್ದಕ್ಕೆ: ಎಡಗಡೆ ಚಕ್ರದ ನಟ್ ಬರುತ್ತಿಲ್ಲ ಅಂದಿರಲ್ಲ, ಪೈಪ್ ಹಾಕಿ ತಿರುಚುವ ಮೊದಲು ಥ್ರೆಡ್ ನೋಡಿ. ಆ ಗಾಡಿಗಳಲ್ಲಿ ಎಡಗಡೆಗೆ ಉಲ್ಟಾ ಥ್ರೆಡ್ ಇರುತ್ತದೆ. ನೀವು ಇಷ್ಟು ಹೊತ್ತು ಬಿಗಿ ಮಾಡುತ್ತಿದ್ದಿರಬಹುದು.

ಗೌಡ್ರೇ, ಶಾಫ್ಟ್ ತೆಗೆದ ಮೇಲೆ ಸೀಲ್ ಉಜ್ಜುವ ಜಾಗದ ಫೋಟೋ ಹತ್ತಿರದಿಂದ ತೆಗೆದು ಇಲ್ಲೇ ಹಾಕಿ. ಸ್ಲೀವ್ ಬೇಕೋ ಬೇಡವೋ ಆಗ ಹೇಳುತ್ತೇನೆ. ಅಲ್ಲಿಯವರೆಗೆ ಹಳ್ಳಕ್ಕೆ ಇಳಿಸಬೇಡಿ.