ಕಡಿಮೆ ಓಡಿದ ಪ್ಲಗ್-ಇನ್ ಹೈಬ್ರಿಡ್‌ಗೆ ಸರ್ವಿಸ್ ಯಾವಾಗ?

ಪ್ರಶ್ನೆ: ಏಳು ವರ್ಷ ಹಳೆಯ ಪ್ಲಗ್-ಇನ್ ಹೈಬ್ರಿಡ್ ಕಾರು (ಚಾರ್ಜ್ ಮಾಡುವ ದೊಡ್ಡ ಬ್ಯಾಟರಿ-ಮೋಟರು, ಪೆಟ್ರೋಲ್ ಎಂಜಿನ್ ಎರಡೂ ಇರುವಂಥದ್ದು) ಕೊಂಡಿದ್ದೇನೆ. ಮೀಟರಿನಲ್ಲಿರುವುದು 34,000 ಕಿ.ಮೀ. ಮಾತ್ರ. ದಿನದ ಓಡಾಟ ಬಹುಪಾಲು ಚಾರ್ಜಿನಲ್ಲೇ ಮುಗಿಯುತ್ತದೆ. ಸರ್ವಿಸ್ ಪುಸ್ತಕದ ಕಿಲೋಮೀಟರ್ ಲೆಕ್ಕ ಹಿಡಿದರೆ ಹಲವು ಕೆಲಸಗಳಿಗೆ ಇನ್ನೂ ವರ್ಷಗಟ್ಟಲೆ ಸಮಯವಿದೆ. ಕಾಯಬಹುದೆ?

ಬೇಡ. ಪುಸ್ತಕದಲ್ಲಿ ಕಿಲೋಮೀಟರಿನ ಪಕ್ಕದಲ್ಲೇ ತಿಂಗಳ ಲೆಕ್ಕವೂ ಇದೆ, 'ಯಾವುದು ಮೊದಲೋ ಅದು' ಎಂಬ ಮಾತೂ ಇದೆ. ನಿಮ್ಮಂಥ ಓಡಾಟದವರಿಗೆ ಯಾವಾಗಲೂ ತಿಂಗಳೇ ಮೊದಲು ಬರುತ್ತದೆ. ಸವೆಯುವ ವಸ್ತುವಿಗೆ ಕಿಲೋಮೀಟರ್ ಲೆಕ್ಕ. ಆದರೆ ರಬ್ಬರು, ಆಯಿಲ್, ಬ್ರೇಕ್ ಆಯಿಲ್, 12 ವೋಲ್ಟಿನ ಚಿಕ್ಕ ಬ್ಯಾಟರಿ ಇವೆಲ್ಲ ಕಾರು ನಿಂತಿದ್ದರೂ ಹಳತಾಗುತ್ತವೆ.

ಇನ್ನೊಂದು ವಿಷಯ. ಆ 34,000 ಕಿ.ಮೀ. ಇಡೀ ಕಾರಿನದು, ಎಂಜಿನ್ನಿನದಲ್ಲ. ಎಂಜಿನ್ ಅದರಲ್ಲಿ ಕಾಲು ಭಾಗವಷ್ಟೇ ಓಡಿರಬಹುದು. ಹಾಗಂತ ಅದು ಹೊಸದರಂತಿದೆ ಎಂದುಕೊಳ್ಳಬೇಡಿ. ಸ್ವಲ್ಪ ಹೊತ್ತು ಓಡಿ, ಪೂರ್ತಿ ಬಿಸಿಯಾಗುವ ಮೊದಲೇ ನಿಂತ ಓಟ ಅದರಲ್ಲಿ ಹೆಚ್ಚಿರುತ್ತದೆ. ಪುಸ್ತಕದಲ್ಲಿ 'ಕಠಿಣ ಬಳಕೆ' ಎಂದು ಬೇರೆ ಪಟ್ಟಿಯಿದ್ದರೆ ಅದನ್ನೇ ನೋಡಿ. ಸಣ್ಣ ದೂರದ ಓಡಾಟ ಸಾಮಾನ್ಯವಾಗಿ ಅಲ್ಲಿಗೇ ಸೇರುತ್ತದೆ.

ತಾರೀಕು ಮತ್ತು ಕಿ.ಮೀ. ಎರಡೂ ಬರೆದಿರುವ ಬಿಲ್ಲು ಕೈಯಲ್ಲಿ ಇಲ್ಲದಿದ್ದರೆ ಆ ಕೆಲಸ ಆಗಿಯೇ ಇಲ್ಲವೆಂದು ಲೆಕ್ಕ ಹಾಕಿ. ಮೊದಲ ತಿಂಗಳಲ್ಲೇ ಎಂಜಿನ್ ಆಯಿಲ್ ಮತ್ತು ಫಿಲ್ಟರ್, ಬ್ರೇಕ್ ಆಯಿಲ್, ಎಸಿಯ ಕ್ಯಾಬಿನ್ ಫಿಲ್ಟರ್ ಬದಲಿಸಿ, 12 ವೋಲ್ಟ್ ಬ್ಯಾಟರಿ ಪರೀಕ್ಷೆ ಮಾಡಿಸಿ. ಬಾನೆಟ್ ತೆರೆದಾಗ ಇಲಿ ಗೂಡು, ಕಡಿದ ವೈರು ಇವೆಯೇ ಎಂದೂ ನೋಡಿ. ನಿಂತ ಕಾರೆಂದರೆ ಇಲಿಗೆ ಬಲು ಇಷ್ಟ. ಆ ದಿನವನ್ನೇ ಸೊನ್ನೆ ಎಂದಿಟ್ಟುಕೊಂಡು ಮುಂದಿನ ಲೆಕ್ಕ ಶುರುಮಾಡಿ. ಷಾಸಿ ನಂಬರ್ ಕೊಟ್ಟು ಬಾಕಿ ಉಳಿದ ರೀಕಾಲ್ (ದೋಷ ಸರಿಪಡಿಸಲು ಕಂಪನಿಯ ಕರೆ) ಇದೆಯೇ ಎಂದು ಕೇಳುವುದೂ ಆಗಲೇ ಆಗಲಿ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 3519 ಎಂದಿದ್ದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದನ್ನು ವರ್ಷಕ್ಕೊಮ್ಮೆ ಬಿರುಕಿಗಾಗಿ ನೋಡಿಸಿ. ಹತ್ತು ವರ್ಷವಾದರೆ ಟೈರಿನ ಮೇಲಿನ ಗೆರೆಗಳು (ಟ್ರೆಡ್) ಎಷ್ಟೇ ಆಳವಿದ್ದರೂ ಬದಲಿಸಿ.

ಪ್ರಶ್ನೆ: ಹೋದ ಸಲ ತೆಗೆದ ಆಯಿಲ್ ಜೇನಿನ ಬಣ್ಣದಲ್ಲೇ ಇತ್ತು. ಎಂಜಿನ್ ವರ್ಷಕ್ಕೆ 1,500 ಕಿ.ಮೀ. ಕೂಡ ಓಡುವುದಿಲ್ಲ. ಪ್ರತಿ ವರ್ಷ ಆಯಿಲ್ ಬದಲಿಸುವುದು ದಂಡವಲ್ಲವೆ?

ಬಣ್ಣ ನೋಡಿ ಏನೂ ಹೇಳಲಾಗದು. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದು, ತಣ್ಣಗಿರುವ ಎಂಜಿನ್ನಿನೊಳಗೆ ನೀರಾಗಿ ಆಯಿಲ್‌ಗೆ ಸೇರುತ್ತದೆ. ತಣ್ಣಗಿದ್ದಾಗ ಪೆಟ್ರೋಲೂ ಹೆಚ್ಚಾಗಿಯೇ ಸುರಿಯುವುದರಿಂದ ಅದರ ಪಾಲೂ ಜಾರಿ ಕೆಳಗೆ ಬೀಳುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಎರಡೂ ಆವಿಯಾಗಿ ಹೋಗುತ್ತವೆ. ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಐದು-ಆರು ನಿಮಿಷದಲ್ಲಿ ಬಿಸಿಯಾಗಬಹುದು, ಆಯಿಲ್ ಕಾಯಲು ಅದಕ್ಕಿಂತ ಬಹಳ ಹೊತ್ತು ಬೇಕು. ಹತ್ತು ನಿಮಿಷ ಓಡಿ ನಿಂತರೆ ನೀರು, ಪೆಟ್ರೋಲ್ ಎರಡೂ ಅಲ್ಲೇ ಉಳಿಯುತ್ತವೆ.

ಇದನ್ನು ನೀವೇ ನೋಡಬಹುದು. ಆಯಿಲ್ ಮುಚ್ಚಳ ಬಿಚ್ಚಿ ಒಳಭಾಗಕ್ಕೆ ಬೆರಳಾಡಿಸಿ. ಹಳದಿ ಕೆನೆಯಂಥದ್ದು ಅಂಟಿದರೆ ಅದು ನೀರು ಬೆರೆತ ಆಯಿಲ್. ಮುಚ್ಚಳದಲ್ಲಿ ಮಾತ್ರ ಇದ್ದರೆ ಗಾಬರಿ ಬೇಡ, ಒಂದು ದೂರದ ಓಟದಲ್ಲಿ ಹೋಗುತ್ತದೆ. ಆಯಿಲ್ ಮಟ್ಟ ಅಳೆಯುವ ಕಡ್ಡಿಗೂ (ಡಿಪ್‌ಸ್ಟಿಕ್) ಅದೇ ಕೆನೆ ಹತ್ತಿದ್ದು ಕೂಲೆಂಟ್ ಮಟ್ಟವೂ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ (ಕೂಲೆಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಪದರ) ಪರೀಕ್ಷೆ ಮಾಡಿಸಿ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ತಾನಾಗಿ ಏರಿ, ಮೂಗಿಗೆ ಪೆಟ್ರೋಲ್ ವಾಸನೆ ಬಡಿದರೆ ಆಯಿಲ್ ತೆಳುವಾಗಿದೆ ಎಂದರ್ಥ. ಹನ್ನೆರಡು ತಿಂಗಳು ಕಾಯದೆ ಬದಲಿಸಿ.

ಮೂರು-ನಾಲ್ಕು ವಾರಕ್ಕೊಮ್ಮೆ ಕಾರನ್ನು ಎಂಜಿನ್ ಓಡುವ ಮೋಡ್‌ಗೆ ಹಾಕಿ, ಹೆದ್ದಾರಿಯಲ್ಲಿ ಬಿಡುವಿಲ್ಲದೆ 25-30 ನಿಮಿಷ ಓಡಿಸಿ. ನಿಲ್ಲಿಸಿದಲ್ಲೇ ಎಂಜಿನ್ ತಿರುಗಿಸಿದರೆ ಈ ಕೆಲಸ ಆಗುವುದಿಲ್ಲ. ಭಾರವಿಲ್ಲದೆ ಆಯಿಲ್ ಕಾಯದು. ಬದಲಾವಣೆ ವರ್ಷಕ್ಕೊಮ್ಮೆ. ಕೆಲವು ಕಾರುಗಳಿಗೆ ವಿನಾಯಿತಿ ಇದೆ: ಷೆವ್ರೊಲೆ ವೋಲ್ಟ್ ಕಾರಿನ ಕಂಪ್ಯೂಟರು ಎಂಜಿನ್ ಬಳಕೆ ನೋಡಿ ಆಯಿಲ್ ಆಯುಸ್ಸು ಲೆಕ್ಕ ಹಾಕುತ್ತದೆ, ಗರಿಷ್ಠ ಮಿತಿ ಎರಡು ವರ್ಷ. ನಿಮ್ಮ ಪುಸ್ತಕ ಹಾಗೆ ಹೇಳದಿದ್ದರೆ ಅದನ್ನು ಅನುಸರಿಸಬೇಡಿ.

ಪುಸ್ತಕ 0ಡಬ್ಲ್ಯೂ-20 ಅಥವಾ 0ಡಬ್ಲ್ಯೂ-16 ಎಂಬ ತೆಳು ಆಯಿಲ್ ಹೇಳಿದ್ದರೆ ಅದನ್ನೇ ಹಾಕಿಸಿ. 'ಹಳೇ ಕಾರು, ದಪ್ಪ ಆಯಿಲ್ ಹಾಕೋಣ' ಎಂಬ ಸಲಹೆ ಇಲ್ಲಿ ಸಲ್ಲದು. ಈ ಎಂಜಿನ್ ಎಷ್ಟೋ ಸಲ ತಣ್ಣಗಿರುವಾಗಲೇ ಎದ್ದು, ವೇಗದಲ್ಲಿರುವ ಕಾರನ್ನು ಎಳೆಯಬೇಕಾಗುತ್ತದೆ. ಬೇರಿಂಗಿಗೆ ಆಯಿಲ್ ಕೂಡಲೇ ತಲುಪಬೇಕು. ಮಟ್ಟ ನೋಡುವಾಗ ಸಮತಟ್ಟು ನೆಲ, ಎಂಜಿನ್ ಬಿಸಿಯಾಗಿ ನಿಂತು ಹತ್ತು ನಿಮಿಷ, ಕಾರು ಪೂರ್ತಿ ಆಫ್, ಕೀ ದೂರ. 'ರೆಡಿ' ದೀಪ ಉರಿಯುತ್ತಿದ್ದರೆ ನಿಮ್ಮ ಕೈ ಬಾನೆಟ್ಟಿನೊಳಗೆ ಇರುವಾಗಲೇ ಎಂಜಿನ್ ತಾನಾಗಿ ಏಳಬಹುದು. ಕಡಿಮೆ ಇದ್ದರೆ 200 ಮಿ.ಲೀ.ನಂತೆ ಸೇರಿಸುತ್ತ ನೋಡಿ.

ಪ್ರಶ್ನೆ: ಎಂಟು ತಿಂಗಳ ಹಿಂದೆ ತುಂಬಿಸಿದ ಪೆಟ್ರೋಲ್ ಇನ್ನೂ ಅರ್ಧ ಟ್ಯಾಂಕ್ ಇದೆ. ಕೆಟ್ಟಿರಬಹುದೆ?

ಮಾಮೂಲಿ ಕಾರಾಗಿದ್ದರೆ ಅನುಮಾನಿಸಬೇಕಿತ್ತು. ಪ್ಲಗ್-ಇನ್ ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಆವಿ ಹೊರಹೋಗದಂತೆ ಬಿಗಿಯಾದ ಟ್ಯಾಂಕ್ ಇರುತ್ತದೆ. ಹಾಗಾಗಿ ಹಗುರ ಅಂಶಗಳು ಬೇಗ ಹಾರುವುದಿಲ್ಲ, ಪೆಟ್ರೋಲಿನಲ್ಲಿ ಬೆರೆತ ಎಥನಾಲ್ ಗಾಳಿಯ ತೇವ ಹೀರುವುದೂ ಕಡಿಮೆ. ಗುಂಡಿ ಒತ್ತಿದ ಮೇಲೆ ಪೆಟ್ರೋಲ್ ಮುಚ್ಚಳ ತೆರೆಯಲು ಕೆಲವು ಸೆಕೆಂಡು ತಡವಾಗುವುದು ಒಳಗಿನ ಒತ್ತಡ ಇಳಿಯಲಿ ಎಂದೇ. ಅದನ್ನು ಮೀಟಿ ತೆಗೆಯಬೇಡಿ.

ಎಂಟು ತಿಂಗಳದ್ದಕ್ಕೆ ಅಷ್ಟೇ ಪ್ರಮಾಣದ ಹೊಸ ಪೆಟ್ರೋಲ್ ಬೆರೆಸಿ, ಎಂಜಿನ್ ಮೋಡ್‌ನಲ್ಲಿ ದೂರ ಓಡಿಸಿ ಮುಗಿಸಿ. ವಾರ್ನಿಷ್‌ನಂಥ ಹುಳಿ ವಾಸನೆ ಬಂದರೆ ಮಾತ್ರ ಓಡಿಸದೆ ಖಾಲಿ ಮಾಡಿಸಿ. ಆ ಅಂಟು ಇಂಜೆಕ್ಟರಿನಲ್ಲಿ ಕೂರುತ್ತದೆ. ಮುಂದೆ ಟ್ಯಾಂಕ್ ಪೂರ್ತಿ ತುಂಬಿಸಬೇಡಿ. ಮೂರು-ನಾಲ್ಕು ತಿಂಗಳಲ್ಲಿ ಮುಗಿಯುವಷ್ಟು ಸಾಕು. ಪೆಟ್ರೋಲ್ ಬೇಗ ಕೆಡದಂತೆ ಸ್ಟೆಬಿಲೈಸರ್ ಹಾಕುವುದಿದ್ದರೆ ಹೊಸ ಪೆಟ್ರೋಲಿಗೆ ಹಾಕಬೇಕು, ಕೆಟ್ಟದ್ದನ್ನು ಅದು ಸರಿಮಾಡದು. ಚಾರ್ಜ್ ಇದ್ದರೂ ಎಂಜಿನ್ ತಾನಾಗಿ ಎದ್ದರೆ ಅದು ಬಹುಶಃ ಕಾರಿನದೇ ಉಪಾಯ: ವೋಲ್ಟ್‌ನಲ್ಲಿ ಪೆಟ್ರೋಲಿನ ಸರಾಸರಿ ವಯಸ್ಸು ಒಂದು ವರ್ಷ ದಾಟಿದರೆ ಹಳೆಯದನ್ನು ಉರಿಸಲು ಎಂಜಿನ್ ತಾನೇ ಓಡುತ್ತದೆ. ತಡೆಯಬೇಡಿ.

ಪ್ರಶ್ನೆ: ಬ್ರೇಕ್ ಪ್ಯಾಡ್ 8 ಮಿ.ಮೀ. ಉಳಿದಿದೆ, ಆದರೂ ಡಿಸ್ಕ್ ಹಾಳಾಗಿದೆ ಎನ್ನುತ್ತಾರೆ. ಇದು ಸಾಧ್ಯವೆ?

ಸಾಧ್ಯ, ಈ ಕಾರುಗಳಲ್ಲಿ ಆಗುವುದೇ ಹೀಗೆ. ಪೆಡಲ್ ಮೃದುವಾಗಿ ಒತ್ತಿದಾಗ ಕಾರನ್ನು ತಡೆಯುವುದು ಮೋಟರು, ಪ್ಯಾಡ್ ಡಿಸ್ಕನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಉಜ್ಜಿಕೊಳ್ಳದ ಡಿಸ್ಕಿಗೆ ತುಕ್ಕು ಹತ್ತುತ್ತದೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು (ಸ್ಲೈಡ್ ಪಿನ್) ಕಚ್ಚಿಕೊಳ್ಳುತ್ತವೆ. ಹಿಂದಿನ ಚಕ್ರಗಳಲ್ಲಿ ಇದು ಹೆಚ್ಚು.

ಮಾತು ನಂಬುವ ಮೊದಲು ಚಕ್ರ ಬಿಚ್ಚಿಸಿ. ಒಂದೇ ಕ್ಯಾಲಿಪರಿನ ಒಳ ಪ್ಯಾಡ್ ಮತ್ತು ಹೊರ ಪ್ಯಾಡ್ ಅಳೆಯಿರಿ, 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಪಿನ್ ಕಚ್ಚಿರಬಹುದು. ಡಿಸ್ಕಿನಲ್ಲಿ ಪ್ಯಾಡ್ ಉಜ್ಜುವ ಜಾಗ ಹೊಳೆಯುತ್ತಿದ್ದು ಅಂಚಿನಲ್ಲಿ ಮಾತ್ರ ತುಕ್ಕಿದ್ದರೆ ಚಿಂತೆಯಿಲ್ಲ. ಉಜ್ಜುವ ಜಾಗದಲ್ಲೇ ಉಗುರಿಗೆ ಸಿಗುವಷ್ಟು ಗುಳಿಗಳಿದ್ದರೆ, ಅಥವಾ ಡಿಸ್ಕಿನ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ತೆಳುವಾಗಿದ್ದರೆ ಡಿಸ್ಕ್ ಹೋಗಿದೆ. ಪಿನ್ನುಗಳನ್ನು ವರ್ಷಕ್ಕೊಮ್ಮೆ ತೆಗೆದು ಒರೆಸಿ ಬ್ರೇಕಿಗೆಂದೇ ಇರುವ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಬೇಕು. ಮಾಮೂಲಿ ಗ್ರೀಸ್ ಸವರಿದರೆ ರಬ್ಬರ್ ಬೂಟು ಉಬ್ಬಿ ಪಿನ್ ಮತ್ತೆ ಬಿಗಿಯಾಗುತ್ತದೆ. ಹ್ಯಾಂಡ್‌ಬ್ರೇಕ್ ಎಲೆಕ್ಟ್ರಿಕ್ ಆಗಿದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕದೆ ಕ್ಯಾಲಿಪರಿನ ಪಿಸ್ಟನ್ ಒತ್ತಬಾರದು.

ತುಕ್ಕು ಬಾರದಿರಲು, ಹದಿನೈದು ದಿನಕ್ಕೊಮ್ಮೆ ಖಾಲಿ ರಸ್ತೆಯಲ್ಲಿ 50-60 ಕಿ.ಮೀ. ವೇಗದಿಂದ ನ್ಯೂಟ್ರಲ್‌ಗೆ ಹಾಕಿ ಆರೇಳು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ. ನ್ಯೂಟ್ರಲ್‌ನಲ್ಲಿ ಮೋಟರಿನ ತಡೆ ಇರುವುದಿಲ್ಲ, ಕೆಲಸವೆಲ್ಲ ಪ್ಯಾಡಿನದು. ಕಾರು ಆಫ್ ಮಾತ್ರ ಮಾಡಬೇಡಿ. ತೊಳೆದ ಕೂಡಲೇ ನಿಲ್ಲಿಸದೆ ಒಂದು ಸುತ್ತು ಹೋಗಿ ಬನ್ನಿ.

ಬ್ರೇಕ್ ಆಯಿಲ್ ಓಡದಿದ್ದರೂ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ಗೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಕುದಿಬಿಂದು ಇರಬೇಕು, ತೇವ ಹೀರಿದಾಗಿನ ಮಿತಿ 155. ಎರಡರಿಂದ ಮೂರು ವರ್ಷಕ್ಕೊಮ್ಮೆ ಬದಲಿಸಿ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ: ಕೆಲವು ಹೈಬ್ರಿಡ್‌ಗಳಲ್ಲಿ ಬಾಗಿಲು ತೆರೆದರೇ ಬ್ರೇಕಿನ ಪಂಪು ಎದ್ದು ಒತ್ತಡ ಕಟ್ಟುತ್ತದೆ. ಬ್ರೇಕ್ ಪೈಪಿನ ಗಾಳಿ ತೆಗೆಯಲು ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು.

ಪ್ರಶ್ನೆ: ದೊಡ್ಡ ಬ್ಯಾಟರಿ ಪೂರ್ತಿ ಚಾರ್ಜ್ ಇದ್ದರೂ ಒಂದು ಬೆಳಿಗ್ಗೆ ಕಾರು ಏಳಲೇ ಇಲ್ಲ.

ಬಹುಶಃ 12 ವೋಲ್ಟಿನ ಚಿಕ್ಕ ಬ್ಯಾಟರಿ ಸತ್ತಿದೆ. ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ರಿಲೇಗಳನ್ನು ಎಳೆಯುವುದೇ ಅದು. ಕಾರು ನಿಂತು ನಾಲ್ಕು ಗಂಟೆಯಾದ ಮೇಲೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಅಥವಾ ಮೇಲಿದ್ದರೆ ಸರಿ, 12.4 ಇದ್ದರೆ ಚಾರ್ಜ್ ಮಾಡಿ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ನಾಲ್ಕೈದು ವರ್ಷವಾಗಿದ್ದರೆ ತಂಟೆ ಕೊಡುವ ಮೊದಲೇ ಬದಲಿಸಿ. ಡಿಕ್ಕಿಯಲ್ಲಿರುವುದಾದರೆ ಎಜಿಎಂ (ದ್ರವ ಚೆಲ್ಲದ) ಜಾತಿಯದನ್ನೇ ಹಾಕಿಸಿ, ಬ್ಯಾಟರಿಯ ಆವಿ ಹೊರಹೋಗುವ ಕೊಳವೆಯನ್ನು ಮರೆಯದೆ ಸಿಕ್ಕಿಸಬೇಕು. ನಿಮ್ಮ ಕಾರಿನಿಂದ ಬೇರೆಯವರ ಕಾರಿಗೆ ವೈರು ಜೋಡಿಸಿ ಜಂಪ್ ಕೊಡಬೇಡಿ.

ಪ್ರಶ್ನೆ: ದೊಡ್ಡ ಬ್ಯಾಟರಿಯ ಆರೋಗ್ಯ ಮನೆಯಲ್ಲೇ ತಿಳಿಯುವುದು ಹೇಗೆ?

ಚಾರ್ಜ್ ಪೂರ್ತಿ ಇಳಿದು ಎಂಜಿನ್ ಏಳುವವರೆಗೆ ಓಡಿಸಿ. ಬಳಿಕ ಗೋಡೆ ಸಾಕೆಟ್ಟಿನ ಯೂನಿಟ್ ಮೀಟರ್ ಅಥವಾ ಚಾರ್ಜರಿನ ಲೆಕ್ಕ ನೋಡುತ್ತ ತುಂಬಿಸಿ. ಗೋಡೆಯಿಂದ ಹೋದದ್ದರಲ್ಲಿ ನೂರಕ್ಕೆ ಸುಮಾರು 85ರಿಂದ 90 ಭಾಗ ಬ್ಯಾಟರಿ ಸೇರುತ್ತದೆ. ಉದಾಹರಣೆಗೆ 6.6 ಯೂನಿಟ್ ಹೋಗಿದ್ದರೆ 0.87ರಿಂದ ಗುಣಿಸಿ, 5.7 ಯೂನಿಟ್ ಸೇರಿದಂತಾಯಿತು. ಹೊಸದಾಗಿದ್ದಾಗ ಬಳಸಲು ಸಿಗುತ್ತಿದ್ದದ್ದು 7.2 ಆಗಿದ್ದರೆ ಈಗ ಶೇ. 80ರ ಹತ್ತಿರ ಉಳಿದಿದೆ. ಆರು ತಿಂಗಳಿಗೊಮ್ಮೆ, ಒಂದೇ ತೆರನ ಹವೆಯಲ್ಲಿ ಅಳೆದು ಬರೆದಿಡಿ. ಚಳಿಯಲ್ಲಿ ಅಳೆದರೆ ಕಡಿಮೆ ಕಾಣುತ್ತದೆ.

ಗಾಳಿಯಿಂದ ತಂಪಾಗುವ ಬ್ಯಾಟರಿಯಾದರೆ ಹಿಂದಿನ ಸೀಟಿನ ಬಳಿ ಗಾಳಿ ಎಳೆಯುವ ಜಾಲರಿ ಇರುತ್ತದೆ. ಅದರ ಮುಂದೆ ಚೀಲ ಒತ್ತಿಡಬೇಡಿ. ಒಳಗೆ ಫಿಲ್ಟರ್ ಇದ್ದರೆ ಪ್ರತಿ ಸರ್ವಿಸಿಗೆ ಶುಚಿ ಮಾಡಿಸಿ. ವಾರಗಟ್ಟಲೆ ನಿಲ್ಲಿಸುವುದಿದ್ದರೆ 30ರಿಂದ 60 ಭಾಗ ಚಾರ್ಜಿನಲ್ಲಿ, ನೆರಳಲ್ಲಿ ನಿಲ್ಲಿಸಿ. ದಿನಬಳಕೆಗೆ ಟೈಮರ್ ಇಟ್ಟು ಹೊರಡುವ ಹೊತ್ತಿಗೆ ತುಂಬುವಂತೆ ಮಾಡಿ. ಪೂರ್ತಿ ತುಂಬಿ ಬಿಸಿಲಲ್ಲಿ ನಿಂತ ಬ್ಯಾಟರಿ ಬೇಗ ಸೊರಗುತ್ತದೆ.

ಪ್ರಶ್ನೆ: ಕೂಲೆಂಟ್, ಗೇರ್ ಆಯಿಲ್, ಸ್ಪಾರ್ಕ್ ಪ್ಲಗ್ ಎಲ್ಲ ಒಟ್ಟಿಗೆ ಬದಲಿಸಿಬಿಡಲೆ?

ಬೇಡ. ಇರಿಡಿಯಂ ಪ್ಲಗ್ ಲಕ್ಷ ಕಿ.ಮೀ. ದಾಟಿ ಬಾಳುವಂಥದ್ದು, ತೊಂದರೆ ಕಾಣದೆ ಮುಟ್ಟಬೇಡಿ. ಎಂಜಿನ್ ಫ್ಲಷ್ (ದ್ರಾವಣ ಹಾಕಿ ಒಳಗೆ ತೊಳೆಯುವುದು) ಅನಗತ್ಯ. ಕೂಲೆಂಟ್ ಮಾತ್ರ ಪುಸ್ತಕದಲ್ಲಿನ ವರ್ಷದ ಲೆಕ್ಕದಂತೆ: ಎಂಜಿನ್ನಿಗೊಂದು, ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ಒಗ್ಗಿಸುವ ಇನ್ವರ್ಟರಿಗೊಂದು, ಕೆಲವದರಲ್ಲಿ ಬ್ಯಾಟರಿಗೆ ಮತ್ತೊಂದು ಎಂದು ಬೇರೆ ಬೇರೆ ಟ್ಯಾಂಕುಗಳಿರುತ್ತವೆ, ಅವಧಿಯೂ ಬೇರೆ. ಬಣ್ಣ ಒಂದೇ ಎಂದು ಬೇರೆ ಜಾತಿಯದನ್ನು ಬೆರೆಸಬಾರದು, ನಲ್ಲಿ ನೀರು ಸೇರಿಸಲೇಬಾರದು.

ಪ್ರಶ್ನೆ: ಎಸಿ ತಂಪು ಕಡಿಮೆಯಾಗಿದೆ. ಗ್ಯಾಸ್ ತುಂಬಿಸಿದರೆ ಸಾಕೆ?

ತುಂಬಿಸುವ ಮೊದಲು ಗ್ಯಾಸಿನ ಜೊತೆ ಯಾವ ಆಯಿಲ್ ಬಳಸುತ್ತೀರಿ ಎಂದು ಕೇಳಿ. ಈ ಕಾರುಗಳ ಕಂಪ್ರೆಸರ್ (ಎಸಿ ಗ್ಯಾಸ್ ಒತ್ತುವ ಪಂಪು) ಬೆಲ್ಟಿನಿಂದಲ್ಲ, ಹೆಚ್ಚು ವೋಲ್ಟೇಜಿನ ಮೋಟರಿನಿಂದ ತಿರುಗುತ್ತದೆ. ಮೋಟರಿನ ಸುರುಳಿ ಆ ಆಯಿಲಿನಲ್ಲೇ ಇರುತ್ತದೆ. ಅದಕ್ಕೆ ವಿದ್ಯುತ್ ಹರಿಯಗೊಡದ ಪಿಒಇ ಆಯಿಲ್ ಸಾಮಾನ್ಯ. ಮಾಮೂಲಿ ಕಾರಿನ ಪಿಎಜಿ ಆಯಿಲ್ ಸ್ವಲ್ಪ ಬೆರೆತರೂ ಆ ವಿದ್ಯುತ್ ತಡೆ ಕುಸಿದು, ಕಾರು ವಿದ್ಯುತ್ ಸೋರಿಕೆಯೆಂದು ಎಚ್ಚರಿಕೆ ಕೊಟ್ಟು ಏಳದೇ ಇರಬಹುದು. ಆಗ ಕಂಪ್ರೆಸರ್ ಜೊತೆಗೆ ಪೈಪುಗಳನ್ನೂ ಬದಲಿಸಬೇಕಾದೀತು. ಗ್ಯಾಸ್ ಯಂತ್ರದ ಪೈಪಿನಲ್ಲಿ ಹಿಂದಿನ ಕಾರಿನ ಆಯಿಲ್ ಉಳಿದಿದ್ದರೂ ಸಾಕು, ಹೈಬ್ರಿಡ್‌ಗೆಂದೇ ಬೇರೆ ಯಂತ್ರ ಇಟ್ಟಿರುವವರ ಬಳಿ ಹೋಗಿ. ಅದಕ್ಕೂ ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ: ಕಸ ಕಟ್ಟಿದ್ದರೆ ಗ್ಯಾಸಿನ ಮಾತೇ ಬೇಡವಾಗಬಹುದು.